ಸಿಖ್ ತರುಣನ ಪಗಡಿ ಮತ್ತು ಕೆಲಸದ ಬಾಗಿಲು

(ಪಕ್ಷದ ಕಚೇರಿಯಲ್ಲಿ ಭಾನುವಾರ ಸಂಜೆ ಗಿರಣಿ ಕಾರ್ಮಿಕರು ಹಾಗೂ ಪೇಟೆಯ ವ್ಯಾಪಾರಸ್ಥರ ಮುಂದೆ ಮಾಡಿದ ಭಾಷಣ)



ಹೊರಗಿನ ಹಲಗೆಯ ಮೇಲೆ ಇವತ್ತಿನ ವಿಷಯ ಬರೆದದ್ದನ್ನು ಓದಿದವರಿಗೆ ಒಂದು ಪ್ರಶ್ನೆ ಬಂದೇ ಬಂದಿರುತ್ತದೆ. ಬೋನಸ್ಸಿನ ಮಾತಿಲ್ಲ, ತುಟ್ಟಿಭತ್ಯದ ಮಾತಿಲ್ಲ, ಎಲ್ಲೋ ಪಂಜಾಬಿನ ಹುಡುಗರು ತಲೆಗೆ ಬಟ್ಟೆ ಸುತ್ತಿಕೊಂಡರೆ ನಮಗೇನು, ಬಿಟ್ಟರೆ ನಮಗೇನು? ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಮೊದಲು ನಮ್ಮ ತಲೆಗಳನ್ನೇ ಒಮ್ಮೆ ನೋಡಿಕೊಳ್ಳೋಣ.

ನಮ್ಮ ಅಜ್ಜಂದಿರು ರುಮಾಲು ಸುತ್ತದೆ ಹೊಸ್ತಿಲು ದಾಟುತ್ತಿರಲಿಲ್ಲ. ಮೈಸೂರ ಕಡೆ ಜರಿಪೇಟ, ಧಾರವಾಡದ ಕಡೆ ರುಮಾಲು, ಹೊಲದಲ್ಲಿ ದುಡಿಯುವವನಿಗೆ ತಲೆಗೊಂದು ತುಂಡು ಬಟ್ಟೆ. ಮುಂದೆ ಅದು ಬಿಳಿ ಟೋಪಿಯಾಯಿತು. ನಮ್ಮ ಕಾಲಕ್ಕೆ ಬರಿದಲೆ. ಈಗ ಪೇಟ ಎಂದರೆ ಮದುವೆಯಲ್ಲಿ ಮದುಮಗನಿಗೆ, ಸಮಾರಂಭದಲ್ಲಿ ಮಂತ್ರಿಗೆ. ಇದನ್ನು ಬಿಡಿರೆಂದು ಯಾರೂ ನಮ್ಮನ್ನು ಬಲವಂತ ಮಾಡಲಿಲ್ಲ, ಬಿಡಬೇಡಿರೆಂದು ಯಾರೂ ಅಡ್ಡಬೀಳಲೂ ಇಲ್ಲ. ತಲೆಯಿಂದ ಇಳಿದ ರುಮಾಲು ಮಾತಿನಲ್ಲಿ ಮಾತ್ರ ಉಳಿದಿದೆ. ಸಾಲ ತೀರಿಸಲಾರದವನು ಸಾಹುಕಾರನ ಕಾಲ ಮೇಲೆ ರುಮಾಲು ಇಟ್ಟ ಎನ್ನುತ್ತೇವೆ. ಮಳಿಗೆ ಹಿಡಿಯುವಾಗ ಮಾಲಿಕನಿಗೆ ರಸೀತಿಯಿಲ್ಲದೆ ಕೊಡುವ ಹಣಕ್ಕೆ ಪಗಡಿ ಎನ್ನುತ್ತಾರೆ. ಆ ಪಗಡಿಯ ಭಾರ ಎಷ್ಟೆಂದು ಇಲ್ಲಿ ಕುಳಿತಿರುವ ವ್ಯಾಪಾರಿಗಳಿಗೆ ನಾನು ಹೇಳಬೇಕಾಗಿಲ್ಲ!

ಹಾಗಾದರೆ ಸಿಖ್ ತರುಣನೂ ನಮ್ಮ ಹಾಗೆಯೇ ಅದನ್ನು ತೆಗೆದು ಗೂಟಕ್ಕೆ ಹಾಕಬಾರದೇಕೆ? ಕಾರಖಾನೆಯವರು ಬೇಡವೆಂದರೆ, ಶಾಲೆಯವರು ಬೇಡವೆಂದರೆ, ಒಂದು ಬಟ್ಟೆಯ ಸಲುವಾಗಿ ಕೆಲಸ ಕಳೆದುಕೊಳ್ಳುವುದು ಎಲ್ಲಿಯ ಜಾಣತನ? ಈ ಪ್ರಶ್ನೆಯನ್ನು ಕೇಳುವವರೆಲ್ಲ ಕೆಟ್ಟವರಲ್ಲ. ಒಳ್ಳೆಯ ಮನಸ್ಸಿನಿಂದ ಕೇಳುವವರೂ ಇದ್ದಾರೆ. ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಗೆ.

೧೬೯೯ರ ಬೈಸಾಖಿಯ ದಿನ ಪಂಜಾಬಿನ ಆನಂದಪುರದಲ್ಲಿ ಗುರು ಗೋವಿಂದಸಿಂಗರು ಖಾಲ್ಸಾ ಪಂಥವನ್ನು ಸ್ಥಾಪಿಸಿದರು. ಬಿಚ್ಚುಗತ್ತಿ ಹಿಡಿದು ನಿಂತು, ತಲೆ ಕೊಡುವವರು ಯಾರಿದ್ದೀರಿ ಎಂದು ನೆರೆದ ಜನರನ್ನು ಕೇಳಿದರಂತೆ. ಒಬ್ಬರ ಹಿಂದೆ ಒಬ್ಬರಂತೆ ಐವರು ಎದ್ದರು. ಅವರ ಊರು, ಕಸುಬು ಎರಡನ್ನೂ ಸಿಖ್ ಪರಂಪರೆ ನೆನಪಿಟ್ಟುಕೊಂಡಿದೆ. ಲಾಹೋರಿನ ಖತ್ರಿ ದಯಾರಾಮ, ಹಸ್ತಿನಾಪುರದ ಜಾಟ ಧರ್ಮದಾಸ, ಜಗನ್ನಾಥಪುರಿಯ ನೀರು ಹೊರುವ ಹಿಮ್ಮತರಾಯ, ದ್ವಾರಕೆಯಲ್ಲಿ ಬಟ್ಟೆಗೆ ಅಚ್ಚೊತ್ತುವ ಕಸುಬಿನ ಮೊಹಕಮಚಂದ. ಐದನೆಯವನು ಸಾಹಿಬಚಂದ, ಬೀದರದ ಕ್ಷೌರಿಕ. ನಮ್ಮ ಬೀದರದವನು! ಕತ್ತರಿಯಿಂದಲೇ ಹೊಟ್ಟೆ ಹೊರೆಯುವ ಕುಲದವನು ಇನ್ನು ಮೇಲೆ ಕೂದಲಿಗೆ ಕತ್ತರಿ ತಾಗಿಸೆನೆಂದು ವ್ರತ ತೊಟ್ಟ. ಐವರೂ ಒಂದೇ ಬಟ್ಟಲಿನಿಂದ ಅಮೃತ ಕುಡಿದರು. ಐವರ ಹೆಸರಿಗೂ ಸಿಂಗ್ ಎಂಬ ಒಂದೇ ಬಾಲ. ಜಾತಿಗೊಂದು ಬಟ್ಟಲಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಕೇಶ, ಕಂಘಾ, ಕಡಾ, ಕಚ್ಛಾ, ಕಿರ್ಪಾನ್, ಇವು ಖಾಲ್ಸಾದ ಐದು ಗುರುತುಗಳು. ಪಗಡಿ ಈ ಐದರ ಪಟ್ಟಿಯಲ್ಲಿ ಇಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಆದರೆ ಕತ್ತರಿಸದ ಕೇಶ ಇದ್ದ ಮೇಲೆ ಅದನ್ನು ಕಾಪಾಡುವ ಪಗಡಿ ಇರಲೇಬೇಕು. ಆ ಕಾಲದಲ್ಲಿ ಪಗಡಿ ದೊಡ್ಡ ಮನುಷ್ಯರ ಮಾನದ ಗುರುತು. ಅದನ್ನು ನೀರು ಹೊರುವವನ ತಲೆಗೂ ಕ್ಷೌರಿಕನ ತಲೆಗೂ ಇಟ್ಟದ್ದೇ ಖಾಲ್ಸಾದ ವಿಶೇಷ. ನಮ್ಮ ಅಜ್ಜಂದಿರ ರುಮಾಲು ಉಡುಪು, ಕಾಲ ಬದಲಾದಂತೆ ಉದುರಿಹೋಯಿತು. ಇವನದು ತೊಟ್ಟ ಮಾತು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಿಳಿಯುತ್ತದೆ.

ನಮ್ಮಲ್ಲಿ ನೇಯ್ಗೆ ಖಾತೆಯವರಿದ್ದೀರಿ, ಬಟ್ಟೆ ಅಂಗಡಿಯವರಿದ್ದೀರಿ. ನಿಮಗೆ ಆ ಬಟ್ಟೆಯ ಮಾತನ್ನೇ ಹೇಳಬೇಕು. ಒಂದು ಪಗಡಿಗೆ ಸಾಮಾನ್ಯವಾಗಿ ಐದರಿಂದ ಏಳು ಮೀಟರು ತೆಳುವಾದ ಹತ್ತಿ ಬಟ್ಟೆ ಬೇಕು, ಮಲ್‌ಮಲ್ ಇಲ್ಲವೆ ವಾಯಿಲ್. ಪಂಜಾಬಿನ ಪೇಟೆಗಳಲ್ಲಿ ಪಗಡಿ ಬಟ್ಟೆಗೆಂದೇ ಅಂಗಡಿಗಳುಂಟು. ಬೇಕಾದ ಬಣ್ಣಕ್ಕೆ ಅದ್ದಿಕೊಡುವ ಬಣ್ಣಗಾರರುಂಟು, ಅವರಿಗೆ ಲಲಾರಿ ಎಂದು ಹೆಸರು. ಕಟ್ಟುವ ಮೊದಲು ಬಟ್ಟೆಯನ್ನು ಉದ್ದಕ್ಕೆ ಎಳೆದು ಮಡಿಕೆ ಹಾಕಬೇಕು. ಇದಕ್ಕೆ ಪೂಣಿ ಮಾಡುವುದು ಎನ್ನುತ್ತಾರೆ. ಒಂದು ತುದಿಯನ್ನು ಇವನು ಹಿಡಿದರೆ ಇನ್ನೊಂದು ತುದಿಯನ್ನು ತಂದೆಯೋ ತಾಯಿಯೋ ತಮ್ಮನೋ ಹಿಡಿಯಬೇಕು. ಒಬ್ಬನೇ ಪರಊರಿನಲ್ಲಿ ಖೋಲಿ ಹಿಡಿದು ಇರುವ ಹುಡುಗ ಬಾಗಿಲ ಚಿಲಕಕ್ಕೆ ತುದಿ ಕಟ್ಟಿಕೊಂಡು ಎಳೆಯುತ್ತಾನೆ. ಸಣ್ಣ ಹುಡುಗರಿಗೆ ಜುಟ್ಟಿನ ಮೇಲೆ ಪಟಕಾ ಎಂಬ ಚಿಕ್ಕ ವಸ್ತ್ರ. ಸ್ವಲ್ಪ ಬೆಳೆದ ಮೇಲೆ ದಸ್ತಾರಬಂದಿ ಎಂಬ ಸಮಾರಂಭ ಮಾಡಿ ಹಿರಿಯರ ಮುಂದೆ ಮೊದಲ ಪಗಡಿ ಕಟ್ಟುತ್ತಾರೆ.

ಬೆಳಗಿನ ಆರು ಗಂಟೆಯ ಪಾಳಿಗೆ ಹೋಗಬೇಕಾದವನು ಉದ್ದ ಕೂದಲು ತೊಳೆದು, ಒಣಗಿಸಿ, ಬಾಚಿ, ಮಡಿಕೆ ಹಾಕಿ, ಸುತ್ತಿ ಮುಗಿಸುವಷ್ಟರಲ್ಲಿ ಪಕ್ಕದ ಮನೆಯವನು ಚಹಾ ಕುಡಿದು ಗೇಟಿನ ಹತ್ತಿರ ಇರುತ್ತಾನೆ. ಇದು ಮೊದಲ ಕಷ್ಟ. ಎಲ್ಲಕ್ಕಿಂತ ಸಣ್ಣದು.

ಎರಡನೆಯದು ನಗೆ. ನಾನು ಕೆಲವು ಕಾಲ ಶಾಲೆಯಲ್ಲಿ ಪಾಠ ಹೇಳಿದವನು. ಮಕ್ಕಳು ದೇವರ ಸಮಾನ ಎನ್ನುವವರು ಆಟದ ಬಯಲಿನಲ್ಲಿ ಒಂದು ಗಂಟೆ ನಿಂತು ನೋಡಬೇಕು. ಬೇರೆಯಾಗಿ ಕಾಣುವ ಒಂದು ಮಗು ಸಿಕ್ಕಿತೆಂದರೆ ಉಳಿದ ನಲವತ್ತೂ ಒಂದಾಗುತ್ತವೆ. ಜುಟ್ಟು ಎಳೆಯುವುದು, ಪಟಕಾ ಕಿತ್ತು ಓಡುವುದು, ಹೆಣ್ಣಿನ ಹೆಸರಿಟ್ಟು ಕರೆಯುವುದು. ದೊಡ್ಡವರಾದ ನಾವೇನು ಕಡಿಮೆ? ಸರ್ದಾರ್ಜಿ ಜೋಕುಗಳು ಕನ್ನಡದ ವಾರಪತ್ರಿಕೆಗಳಲ್ಲೂ ಮೂಲೆ ತುಂಬಲು ಬಂದಿವೆ. ಒಬ್ಬ ಸಿಖ್ಖನನ್ನೂ ಹತ್ತಿರದಿಂದ ಕಾಣದವರೂ ಅವುಗಳನ್ನು ಹೇಳಿ ನಕ್ಕಿದ್ದಾರೆ. ಪಂಜಾಬಿನಲ್ಲಿಯೇ ಬಹಳ ಹುಡುಗರು ಕೂದಲು ಕತ್ತರಿಸಿಕೊಳ್ಳುತ್ತಿದ್ದಾರೆಂದು ಅಲ್ಲಿನ ಹಿರಿಯರ ಕೊರಗು. ಪಗಡಿ ಕಟ್ಟುವುದನ್ನು ಕಲಿಸುವ ತರಗತಿಗಳು, ಚೆನ್ನಾಗಿ ಕಟ್ಟಿದವನಿಗೆ ಬಹುಮಾನದ ಸ್ಪರ್ಧೆಗಳು ಶುರುವಾಗಿವೆ. ಹಿರಿಯರು ಸಿನಿಮಾವನ್ನು ಬೈಯುತ್ತಾರೆ. ನನಗೆ ಸಿನಿಮಾಕ್ಕಿಂತ ಕೆಲಸದ ಬಾಗಿಲು ದೊಡ್ಡ ಕಾರಣವೆಂದು ತೋರುತ್ತದೆ. ಊರಿನಲ್ಲಿ ಕೆಲಸವಿಲ್ಲ, ಪರದೇಶಕ್ಕೆ ಹೋಗಬೇಕು, ಹೋದಲ್ಲಿ ಈ ತಲೆಯನ್ನು ನೋಡಿ ಬಾಗಿಲು ತೆಗೆಯುತ್ತಾರೋ ಇಲ್ಲವೋ ಎಂಬ ಲೆಕ್ಕ ಆ ಹುಡುಗನ ಮನಸ್ಸಿನಲ್ಲಿ ನಡೆಯುತ್ತಿರುತ್ತದೆ.

ಈ ಲೆಕ್ಕ ಎಷ್ಟು ಹಳೆಯದು ಎಂಬುದಕ್ಕೆ ಇಂಗ್ಲೆಂಡಿನ ಒಂದು ಕತೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಮ್ಮಂಥ ಯೂನಿಯನ್ನಿನವರು ಕೇಳಬೇಕಾದ ಕತೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಕಾರಖಾನೆಗಳಿಗೆ ಕೈಗಳು ಸಾಲದಾದವು. ಪಂಜಾಬಿನಿಂದ ಸಾವಿರಾರು ಜನ ಹೋದರು. ಬರ್ಮಿಂಗ್‌ಹ್ಯಾಮ್, ವುಲ್ವರ್‌ಹ್ಯಾಂಪ್ಟನ್ ಕಡೆಯ ಎರಕದ ಕಾರಖಾನೆಗಳಲ್ಲಿ ಬಿಳಿಯರು ಒಲ್ಲೆನೆಂದ ಬೆಂಕಿಯ ಕೆಲಸ ಹಿಡಿದರು. ಮೊದಲೇ ಹೋಗಿದ್ದ ನೆಂಟರು ಹೊಸಬರಿಗೆ ಹೇಳುತ್ತಿದ್ದ ಬುದ್ಧಿ ಒಂದೇ: ಮೊದಲು ಕ್ಷೌರದಂಗಡಿಗೆ ಹೋಗು, ಆಮೇಲೆ ಕೆಲಸ ಕೇಳು. ಹಾಗೆ ಎಷ್ಟೋ ತರುಣರು ಕೇಶವನ್ನು ಆ ನೆಲದಲ್ಲಿ ಬಿಟ್ಟು ಕೂಲಿಗೆ ನಿಂತರು. ಒಂದು ವಿಚಿತ್ರ ನೋಡಿ. ಇದೇ ಇಂಗ್ಲೆಂಡಿನ ಸರಕಾರ ಎರಡು ಮಹಾಯುದ್ಧಗಳಲ್ಲಿ ಪಗಡಿಯ ಸಿಖ್ಖರನ್ನು ಪಗಡಿಯ ಸಮೇತ ರಣರಂಗಕ್ಕೆ ಕಳಿಸಿತ್ತು. ಸಾಯುವುದಕ್ಕೆ ಆ ಪಗಡಿ ಸಮವಸ್ತ್ರಕ್ಕೆ ಒಪ್ಪುತ್ತಿತ್ತು, ಬಸ್ಸು ಓಡಿಸುವುದಕ್ಕೆ ಒಪ್ಪಲಿಲ್ಲ.

ತರಸೇಮ್ ಸಿಂಗ್ ಸಂಧು ಎಂಬವನು ವುಲ್ವರ್‌ಹ್ಯಾಂಪ್ಟನ್ ನಗರಸಭೆಯ ಬಸ್ಸಿನ ಡ್ರೈವರು, ಇಪ್ಪತ್ತಮೂರು ವರ್ಷದವನು. ಕೆಲಸಕ್ಕೆ ಸೇರುವಾಗ ಗಡ್ಡ ಪಗಡಿ ಇರಲಿಲ್ಲ. ೧೯೬೭ರಲ್ಲಿ ಕಾಯಿಲೆ ಬಿದ್ದು ರಜೆ ಹಾಕಿದ. ರಜೆ ಮುಗಿಸಿ ಬಂದಾಗ ಗಡ್ಡ ಬಿಟ್ಟಿದ್ದ, ತಲೆಗೆ ಪಗಡಿ ಸುತ್ತಿದ್ದ. ಬಸ್ಸು ಓಡಿಸುವ ಕೈ ಹಳೆಯದೇ, ಕಣ್ಣು ಹಳೆಯದೇ. ಇಲಾಖೆಯವರು ಮನೆಗೆ ಕಳಿಸಿದರು. ಗಡ್ಡ ಬೋಳಿಸಿರಬೇಕು, ಕೊಟ್ಟ ಟೋಪಿ ಹಾಕಬೇಕು, ಇದು ನಿಯಮ. ನೀನು ಇದಕ್ಕೆ ಒಪ್ಪಿಯೇ ಸೇರಿದ್ದೆ ಎಂದರು. ಈ ಮಾತು ನಮಗೆ ಹೊಸದೆ? ನೀನು ಈ ಕೂಲಿಗೆ ಒಪ್ಪಿಯೇ ಸೇರಿದ್ದೆ ಎಂದು ನಮ್ಮ ತಾತಂದಿರಿಗೂ ಮಾಲಿಕರು ಹೇಳಿದ್ದರು. ಹಸಿದವನು ಬಾಗಿಲಲ್ಲಿ ನಿಂತು ಕೊಟ್ಟ ಒಪ್ಪಿಗೆಗೆ ಎಷ್ಟು ಬೆಲೆಯೆಂದು ಕಾರ್ಮಿಕ ಚಳವಳಿಗೆ ಗೊತ್ತಿದೆ.

ಯೂನಿಯನ್ ಏನು ಮಾಡಿತು? ಅಲ್ಲಿಯೇ ನನ್ನ ಹೊಟ್ಟೆ ಉರಿಯುವುದು. ಸಾರಿಗೆ ಕಾರ್ಮಿಕರ ಯೂನಿಯನ್ ಈ ಹುಡುಗನ ಬೆನ್ನಿಗೆ ನಿಲ್ಲಲಿಲ್ಲ. ಆ ಪ್ರದೇಶದ ಬಸ್ ಕಾರ್ಮಿಕರಲ್ಲಿ ಇದು ಹಳೆಯ ರೋಗ. ೧೯೫೫ರಲ್ಲಿ ನೆರೆಯ ವೆಸ್ಟ್ ಬ್ರಾಮ್‌ವಿಚ್ ಊರಿನಲ್ಲಿ ಒಬ್ಬನೇ ಒಬ್ಬ ಭಾರತೀಯನನ್ನು ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಂಡರೆಂದು ಬಸ್ಸಿನವರು ಶನಿವಾರಗಳಂದು ಮುಷ್ಕರ ಹೂಡಿದ್ದರು. ಮುಷ್ಕರ! ರಕ್ತ ಸುರಿಸಿ ಪಡೆದ ಆಯುಧ. ಅದನ್ನು ಮಾಲಿಕನ ಮೇಲೆ ಎತ್ತುವುದು ಬಿಟ್ಟು ಪಕ್ಕದ ಕೂಲಿಯವನ ಮೇಲೆ ಎತ್ತಿದರು.

೧೯೬೮ರ ಫೆಬ್ರವರಿಯಲ್ಲಿ ಸಾವಿರಾರು ಸಿಖ್ಖರು ವುಲ್ವರ್‌ಹ್ಯಾಂಪ್ಟನ್ನಿನ ಬೀದಿಯಲ್ಲಿ ಮೆರವಣಿಗೆ ಹೋದರು. ಅವರಲ್ಲಿ ಪಗಡಿಯಿಲ್ಲದವರೂ ಇದ್ದರು. ಅದೇ ಊರಿನಿಂದ ಪಾರ್ಲಿಮೆಂಟಿಗೆ ಆರಿಸಿಬಂದಿದ್ದವನು ಕನ್ಸರ್ವೆಟಿವ್ ಪಕ್ಷದ ಈನಾಕ್ ಪೊವೆಲ್. ಏಪ್ರಿಲ್ ೨೦ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಅವನು ಹೊರಗಿನಿಂದ ಬಂದವರ ವಿರುದ್ಧ ಆಡಿದ ವಿಷದ ಭಾಷಣ ಜಗತ್ತಿಗೆಲ್ಲ ಗೊತ್ತು. ಆ ಭಾಷಣದಲ್ಲಿ ಸಿಖ್ಖರ ಈ ಚಳವಳಿಯನ್ನೂ ಅವನು ಎಳೆದು ತಂದ. ಅವನ ಪಕ್ಷದ ನಾಯಕರೇ ಅವನನ್ನು ಸ್ಥಾನದಿಂದ ತೆಗೆದರು. ಆಗ ಅವನ ಪರವಾಗಿ ಬೀದಿಗಿಳಿದವರು ಯಾರು? ಜಮೀನ್ದಾರರೆ? ಬ್ಯಾಂಕಿನ ಒಡೆಯರೆ? ಅಲ್ಲ, ಲಂಡನ್ ಬಂದರಿನ ಕೂಲಿಗಳು. ಮೂರು ದಿನಗಳ ಮೇಲೆ, ಏಪ್ರಿಲ್ ೨೩ರಂದು, ಕೆಲಸ ನಿಲ್ಲಿಸಿ ಪಾರ್ಲಿಮೆಂಟಿಗೆ ಮೆರವಣಿಗೆ ಹೋದರು. ದುಡಿಯುವವರೆಲ್ಲ ತಾವಾಗಿಯೇ ಒಂದಾಗುತ್ತಾರೆಂದು ನಂಬಿ ಕೈಕಟ್ಟಿ ಕುಳಿತವರು ಈ ತಾರೀಖನ್ನು ಬರೆದಿಟ್ಟುಕೊಳ್ಳಲಿ.

೧೯೬೯ರ ಮೊದಲಲ್ಲಿ ಸೋಹನ್ ಸಿಂಗ್ ಜಾಲಿ ಎಂಬ ಅಕಾಲಿ ಮುಖಂಡರು ನಿಯಮ ಬದಲಾಗದಿದ್ದರೆ ಬೆಂಕಿ ಹಚ್ಚಿಕೊಂಡು ಸಾಯುತ್ತೇನೆಂದು ಗಡುವು ಹಾಕಿದರು. ಸಿಖ್ಖರಲ್ಲೇ ಅನೇಕರಿಗೆ ಅದು ಒಪ್ಪಿಗೆಯಾಗಲಿಲ್ಲ. ನನಗೂ ಆ ದಾರಿ ಒಪ್ಪಿಗೆಯಿಲ್ಲ. ಆದರೆ ಒಬ್ಬ ವಯಸ್ಸಾದ ಮನುಷ್ಯ ತನ್ನ ಮೈಯನ್ನೇ ಪಣಕ್ಕಿಡುವ ಮಟ್ಟಕ್ಕೆ ಯಾಕೆ ಬಂದ ಎಂದು ಕೇಳಬೇಡವೆ? ಯೂನಿಯನ್ ಆಫೀಸಿನ ಬಾಗಿಲು ತೆರೆದಿದ್ದರೆ ಸೀಮೆಎಣ್ಣೆಯ ಮಾತು ಬರುತ್ತಿತ್ತೆ? ಏಪ್ರಿಲ್‌ನಲ್ಲಿ ಸಾರಿಗೆ ಸಮಿತಿ ಸೋತು ನಿಯಮ ಸಡಿಲಿಸಿತು. ಪಗಡಿಯ ಡ್ರೈವರು ಬಸ್ಸು ಓಡಿಸಿದ. ಬಸ್ಸೇನೂ ಹಳ್ಳಕ್ಕೆ ಬೀಳಲಿಲ್ಲ. ಮ್ಯಾಂಚೆಸ್ಟರಿನಲ್ಲಿ ಇದಕ್ಕೂ ಮೊದಲು, ೧೯೫೯ರಲ್ಲಿ ಶುರುವಾದ ಇಂಥದೇ ಜಗಳ ಏಳು ವರ್ಷ ಎಳೆದು ೧೯೬೬ರಲ್ಲಿ ಮುಗಿದಿತ್ತು. ಬಸ್ ಇಲಾಖೆಯ ನೀಲಿ ಬಣ್ಣದ ಪಗಡಿಯನ್ನೇ ಕಟ್ಟುತ್ತೇನೆ, ಬಿಲ್ಲೆಯನ್ನೂ ಅದಕ್ಕೇ ಸಿಕ್ಕಿಸುತ್ತೇನೆ ಎಂದು ಆ ಮನುಷ್ಯ ಮೊದಲ ದಿನವೇ ಹೇಳಿದ್ದ. ಏಳು ವರ್ಷ ಬೇಕಾಗಿತ್ತೆ?

ಈಗ ಆ ಮೊದಲ ಪ್ರಶ್ನೆಗೆ ಬರುತ್ತೇನೆ: ತೆಗೆದರೆ ಆಗದೆ? ಬರ್ಮಿಂಗ್‌ಹ್ಯಾಮಿನ ಒಂದು ಖಾಸಗಿ ಶಾಲೆ ೧೯೭೮ರಲ್ಲಿ ಪಗಡಿ ತೆಗೆಯದ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಮಂಡ್ಲಾ ಪ್ರಕರಣವೆಂದು ಅದಕ್ಕೆ ಹೆಸರು. ಕೆಳಗಿನ ಕೋರ್ಟು, ಮೇಲಿನ ಕೋರ್ಟು ಎರಡರಲ್ಲೂ ಹುಡುಗನ ಕಡೆಯವರು ಸೋತರು. ೧೯೮೩ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಾಧೀಶರು ಅದನ್ನು ತಿರುಗಿಸಿದರು. ಅಲ್ಲಿ ಚರ್ಚೆಯಾದ ಒಂದು ಅಂಶ ಬಹಳ ಸ್ವಾರಸ್ಯದ್ದು. ಪಗಡಿಯಿಲ್ಲದೆ ಬರಬೇಕೆಂಬ ನಿಯಮವನ್ನು ಸಿಖ್ ಹುಡುಗ ಪಾಲಿಸಬಲ್ಲನೆ? ಕೈಯಿಂದ ತೆಗೆದಿಡುವುದೇ ಅರ್ಥವಾದರೆ ಯಾರಾದರೂ ಪಾಲಿಸಬಲ್ಲರು. ಆದರೆ 'ಬಲ್ಲ' ಎಂದರೆ ಅದಲ್ಲ, ತನ್ನ ಜನರ ನಡೆನುಡಿಗೆ ಎರಡು ಬಗೆಯದೆ ಪಾಲಿಸಬಲ್ಲನೆ ಎಂದು ನೋಡಬೇಕು ಎಂದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಸಸ್ಯಾಹಾರಿಯಾದ ಕಾರ್ಮಿಕನಿಗೆ ಕ್ಯಾಂಟೀನಿನಲ್ಲಿ ಮಾಂಸದ ಊಟ ಒಂದನ್ನೇ ಇಟ್ಟು, 'ಬಾಯಿ ಇದೆಯಲ್ಲ, ತಿನ್ನಬಲ್ಲೆ' ಎಂದರೆ ಹೇಗಿರುತ್ತದೆ?

ಆದರೆ ಎಲ್ಲ ಕಡೆಯೂ ನ್ಯಾಯ ಇಷ್ಟು ಸಲೀಸಲ್ಲ. ಕಾರ್ಮಿಕ ಸಂಘದವರಾದ ನಮಗೆ ನಿಜವಾಗಿ ಕಷ್ಟದ್ದು ಹೆಲ್ಮೆಟ್ಟಿನ ಪ್ರಶ್ನೆ. ತಲೆಗೆ ರಕ್ಷಣೆ ಕೊಡಿ, ಕೈಗೆ ಗವಸು ಕೊಡಿ, ಬೆಲ್ಟಿಗೆ ಕಂಬಿ ಹಾಕಿ ಎಂದು ಮಾಲಿಕರ ಜೊತೆ ಗುದ್ದಾಡಿದವರು ನಾವು. ಒಬ್ಬ ಕಾರ್ಮಿಕ ಹೆಲ್ಮೆಟ್ಟು ಬೇಡವೆಂದರೆ ಏನು ಹೇಳುವುದು? ಕೆನಡಾದ ರೈಲ್ವೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಭಿಂದರ್ ಎಂಬ ಸಿಖ್ಖನು ೧೯೭೮ರಲ್ಲಿ ಹೆಲ್ಮೆಟ್ಟು ಹಾಕಲೊಲ್ಲೆನೆಂದು ಕೆಲಸ ಕಳೆದುಕೊಂಡ. ವಿಚಾರಣೆ ನಡೆಸಿದ ಮಂಡಳಿ, ಇದರಿಂದ ಅವನ ಅಪಾಯ ಅಲ್ಪಸ್ವಲ್ಪ ಹೆಚ್ಚುತ್ತದೆ, ಬೇರೆ ಯಾರಿಗೂ ಅಪಾಯವಿಲ್ಲ ಎಂದು ಕಂಡುಕೊಂಡಿತು. ಆದರೂ ೧೯೮೫ರಲ್ಲಿ ಆ ದೇಶದ ಸುಪ್ರೀಂ ಕೋರ್ಟಿನಲ್ಲಿ ಅವನು ಸೋತ. ಇಂಗ್ಲೆಂಡು ಬೇರೆ ದಾರಿ ಹಿಡಿಯಿತು. ೧೯೭೬ರಲ್ಲಿ ಮೋಟಾರು ಸೈಕಲ್ಲಿನ ಮೇಲೆ ಪಗಡಿಯ ಸಿಖ್ಖನಿಗೆ ಹೆಲ್ಮೆಟ್ಟಿನಿಂದ ವಿನಾಯಿತಿ ಕೊಟ್ಟಿತು. ನಮ್ಮ ದೇಶದ ಮೋಟಾರು ವಾಹನ ಕಾಯಿದೆಯಲ್ಲೂ ಈ ವಿನಾಯಿತಿ ಇದೆ. ೧೯೮೯ರಲ್ಲಿ ಕಟ್ಟಡ ಕೆಲಸದ ಜಾಗಕ್ಕೂ ಕೊಟ್ಟಿತು. ಕಾರಖಾನೆಯ ಒಳಗಿನ ಕೆಲಸಕ್ಕೆ ಮಾತ್ರ ೨೦೧೫ರವರೆಗೆ ಕಾಯಬೇಕಾಯಿತು. ಇಟ್ಟಿಗೆ ಹೊರುವಾಗ ಪಗಡಿ ಸರಿ, ಯಂತ್ರದ ಹತ್ತಿರ ತಪ್ಪು ಎಂಬ ಸ್ಥಿತಿ ಇಪ್ಪತ್ತಾರು ವರ್ಷ ನಡೆಯಿತು.

ಆ ಕಾಯಿದೆಯಲ್ಲಿ ಇನ್ನೊಂದು ಕೊಂಡಿ ಇದೆ. ಪಗಡಿಯವನಿಗೆ ಕಟ್ಟಡದ ಕೆಲಸದಲ್ಲಿ ಪೆಟ್ಟಾದರೆ, ಹೆಲ್ಮೆಟ್ಟು ಇದ್ದಿದ್ದರೂ ಎಷ್ಟು ಪೆಟ್ಟಾಗುತ್ತಿತ್ತೋ ಅಷ್ಟಕ್ಕೆ ಮಾತ್ರ ಪರಿಹಾರ. ಮಿಕ್ಕದ್ದು ಅವನ ತಲೆಗೆ. ಸರಕಾರ ಹಕ್ಕು ಕೊಟ್ಟಿತು, ಅದರ ಬಿಲ್ಲನ್ನು ಕಾರ್ಮಿಕನ ಕೈಗೇ ಕೊಟ್ಟಿತು. ಇದು ಸರಿಯೆ? ಮಾಲಿಕನಿಗೆ ಹೊರೆ ಹೊರಿಸಬಾರದೆನ್ನುವವರ ವಾದವೂ ಪೂರ್ತಿ ಸುಳ್ಳಲ್ಲ. ಅವನ ಅಪಾಯ ಅವನಿಗೇ ಇದ್ದಾಗ ಅವನ ಮಾತು ನಡೆಯಬೇಕು, ಪಕ್ಕದವನಿಗೂ ಅಪಾಯ ತಟ್ಟುವಲ್ಲಿ ಬೇರೆ ಕೆಲಸ, ಅದೇ ಕೂಲಿಯಲ್ಲಿ ಕೊಡಬೇಕು ಎಂದು ನನಗೆ ತೋರುತ್ತದೆ. ನಮ್ಮೊಳಗೇ ಇದನ್ನು ಒಪ್ಪದವರಿದ್ದಾರೆ, ಅವರ ಜೊತೆ ವಾದ ಮಾಡಲು ನಾನು ಸಿದ್ಧ. ಕೆಲಸದಿಂದ ಕಿತ್ತೊಗೆಯುವುದಂತೂ ಸುರಕ್ಷತೆಯ ಕ್ರಮವಲ್ಲ.

ಅಮೆರಿಕದ ನ್ಯೂಯಾರ್ಕಿನಲ್ಲಿ ನಡೆದದ್ದು ಇನ್ನೂ ವಿಚಿತ್ರ. ೨೦೦೧ರ ಸೆಪ್ಟೆಂಬರ್ ೧೧ರಂದು ಆ ಎರಡು ಗೋಪುರಗಳ ಮೇಲೆ ದಾಳಿ ನಡೆದಾಗ ಕೆವಿನ್ ಹ್ಯಾರಿಂಗ್ಟನ್ ಎಂಬ ಸಿಖ್ ರೈಲು ಡ್ರೈವರು, ಪಗಡಿಯವನೇ, ನೆಲದಡಿಯ ರೈಲನ್ನು ಹಿಮ್ಮುಖವಾಗಿ ಓಡಿಸಿ ಪ್ರಯಾಣಿಕರನ್ನು ಪಾರು ಮಾಡಿದ. ಅದಾದ ಮೇಲೆ ಸಾರಿಗೆ ಇಲಾಖೆ ಅಂಥವರಿಗೆ ಹಾಕಿದ ಷರತ್ತು: ಪಗಡಿಗೆ ನಮ್ಮ ಕಂಪನಿಯ ಮುದ್ರೆ ಅಂಟಿಸಿಕೋ, ಇಲ್ಲವಾದರೆ ಜನರ ಕಣ್ಣಿಗೆ ಬೀಳದ ಕಡೆ ಕೆಲಸ ಮಾಡು. ಮೊಕದ್ದಮೆ ನಡೆದು ೨೦೧೨ರಲ್ಲಿ ಇಲಾಖೆ ಆ ಷರತ್ತನ್ನು ಕೈಬಿಟ್ಟಿತು. ಆಟದ ಬಯಲೂ ಹೊರತಲ್ಲ. ೨೦೧೪ರಲ್ಲಿ ಚೀನಾದ ವುಹಾನಿನಲ್ಲಿ ನಮ್ಮ ಬಾಸ್ಕೆಟ್‌ಬಾಲ್ ತಂಡದ ಇಬ್ಬರು ಸಿಖ್ ಆಟಗಾರರಿಗೆ ಪಗಡಿ ತೆಗೆದರೆ ಮಾತ್ರ ಆಟವೆಂದರು. ಆ ನಿಯಮ ೨೦೧೭ರಲ್ಲಿ ಹೋಯಿತು. ಫ್ರಾನ್ಸಿನಲ್ಲಿ ೨೦೦೪ರ ಕಾಯಿದೆಯಿಂದ ಸರಕಾರಿ ಶಾಲೆಯ ಬಾಗಿಲು ಪಗಡಿಯ ಹುಡುಗರಿಗೆ ಮುಚ್ಚಿತು. ೨೦೧೨ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಒಬ್ಬ ವಿದ್ಯಾರ್ಥಿಯ ದೂರಿನ ಮೇಲೆ ಫ್ರಾನ್ಸಿನದು ತಪ್ಪೆಂದು ಹೇಳಿದರೂ ಆ ಕಾಯಿದೆಯನ್ನು ಅವರು ಬಿಡಲಿಲ್ಲ.

ಇಲ್ಲಿಯ ತನಕ ಹೇಳಿದ್ದು ಕೆಲಸದ, ಓದಿನ ಮಾತು. ಪಗಡಿಯ ಕಾರಣಕ್ಕೆ ಪ್ರಾಣವೇ ಹೋದ ಮಾತು ಬೇರೆ ಇದೆ. ಅದಕ್ಕೆ ಇಂಗ್ಲೆಂಡಿನ ತನಕ ಹೋಗಬೇಕಾಗಿಲ್ಲ. ೧೯೮೪ರ ಅಕ್ಟೋಬರ್ ೩೧ರಂದು ಪ್ರಧಾನಿ ಇಂದಿರಾಗಾಂಧಿಯವರ ಕೊಲೆಯಾಯಿತು. ಕೊಂದವರು ಅವರ ಅಂಗರಕ್ಷಕರಾದ ಇಬ್ಬರು ಸಿಖ್ಖರು. ಆಮೇಲಿನ ದಿನಗಳಲ್ಲಿ ದೆಹಲಿಯೊಂದರಲ್ಲೇ ಸರಕಾರದ ಲೆಕ್ಕದ ಪ್ರಕಾರ ೨,೭೩೩ ಸಿಖ್ಖರು ಸತ್ತರು. ಹೆಚ್ಚಿನವರು ಬಡ ಬಡಾವಣೆಗಳವರು, ಕೈಕಸುಬಿನವರು. ಗುಂಪು ಮನೆಮನೆ ಹುಡುಕುವಾಗ ಅದಕ್ಕೆ ಬೇಕಾಗಿದ್ದ ಗುರುತು ತಲೆಯ ಮೇಲೆಯೇ ಇತ್ತು. ಎಷ್ಟೋ ತಾಯಂದಿರು ತಾವೇ ಕತ್ತರಿ ಹಿಡಿದು ಮಕ್ಕಳ ಕೂದಲು ಕತ್ತರಿಸಿ ಜೀವ ಉಳಿಸಿಕೊಂಡರು. ಹುಟ್ಟಿದಂದಿನಿಂದ ಎಣ್ಣೆ ಹಚ್ಚಿ ಬಾಚಿ ಬೆಳೆಸಿದ ಕೂದಲನ್ನು ಅದೇ ಕೈ ಕತ್ತರಿಸಬೇಕಾಯಿತು. ಬೀದರದ ಮಾತು ಆಗಲೇ ಹೆಮ್ಮೆಯಿಂದ ಹೇಳಿದೆ. ಅದೇ ಬೀದರದಲ್ಲಿ, ೧೯೮೮ರ ಸೆಪ್ಟೆಂಬರಿನಲ್ಲಿ, ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ಗುಂಪು ಬಿದ್ದು ಕೊಲೆಗಳಾದವು. ಹೆಮ್ಮೆಯ ಜೊತೆಗೆ ಇದನ್ನೂ ಹೇಳದಿದ್ದರೆ ಆ ಹೆಮ್ಮೆಗೆ ಅರ್ಥವಿಲ್ಲ.

ವ್ಯಾ‍ಪಾರಿ ಬಂಧುಗಳಿಗೆ ಇನ್ನೊಬ್ಬರ ಹೆಸರು ಹೇಳಬೇಕು. ಬಲಬೀರ್ ಸಿಂಗ್ ಸೋಧಿ. ಅಮೆರಿಕದ ಮೇಸಾ ಎಂಬ ಊರಿನಲ್ಲಿ ಒಂದು ಪೆಟ್ರೋಲ್ ಅಂಗಡಿ ಇಟ್ಟುಕೊಂಡಿದ್ದರು. ಗೋಪುರಗಳು ಬಿದ್ದ ನಾಲ್ಕನೆಯ ದಿನ, ೨೦೦೧ರ ಸೆಪ್ಟೆಂಬರ್ ೧೫ರಂದು, ತಮ್ಮ ಅಂಗಡಿಯ ಮುಂದೆ ಹೂಗಿಡಗಳ ಕೆಲಸದಲ್ಲಿದ್ದಾಗ ಒಬ್ಬ ಬಂದು ಗುಂಡು ಹಾರಿಸಿ ಕೊಂದ. ಗಡ್ಡ, ಪಗಡಿ ನೋಡಿದ, ಶತ್ರು ಎಂದುಕೊಂಡ, ಅಷ್ಟೆ.

ಇಷ್ಟೆಲ್ಲ ಕೇಳಿದ ಮೇಲೆ ಪಗಡಿ ಕಟ್ಟುವ ಹುಡುಗ ವೀರ, ಬಿಚ್ಚಿದವನು ಹೇಡಿ ಎಂದು ಯಾರಾದರೂ ತೀರ್ಮಾನಿಸಿದರೆ ನನಗೆ ಬೇಸರವಾಗುತ್ತದೆ. ಕೇಶ ಕತ್ತರಿಸಿದವನನ್ನು ಅವನ ಸಮಾಜದಲ್ಲೇ ಪತಿತ ಎಂದು ಕರೆಯುವವರಿದ್ದಾರೆ. ಎರಕದ ಕಾರಖಾನೆಯ ಬಾಗಿಲಲ್ಲಿ ಹೊಟ್ಟೆಪಾಡಿಗೆ ಕತ್ತರಿಸಿದವನನ್ನು, ದೆಹಲಿಯಲ್ಲಿ ಜೀವಕ್ಕಾಗಿ ಕತ್ತರಿಸಿದವನನ್ನು, ಮನಸ್ಸೇ ಇಲ್ಲವೆಂದು ಬಿಟ್ಟವನನ್ನು ಒಂದೇ ಮಾತಿನಲ್ಲಿ ಬೈಯುವುದು ನ್ಯಾಯವಲ್ಲ. ಕಟ್ಟು ಎಂಬ ಬಲವಂತವೂ ಬಿಚ್ಚು ಎಂಬ ಬಲವಂತವೂ ಹುಡುಗನ ತಲೆಯ ಮೇಲೆ ಬೇರೆಯವರ ಕೈ ಇಟ್ಟಂತೆಯೇ. ಇನ್ನೊಂದು ಮಾತು. ನೀರು ಹೊರುವವನಿಗೂ ಕ್ಷೌರಿಕನಿಗೂ ಒಂದೇ ಬಟ್ಟಲು ಕೊಟ್ಟ ಪಂಥದಲ್ಲಿ ಇವತ್ತು ದಲಿತ ಸಿಖ್ಖರಿಗೆ ಪಂಜಾಬಿನ ಹಲವು ಹಳ್ಳಿಗಳಲ್ಲಿ ಬೇರೆ ಗುರುದ್ವಾರ, ಬೇರೆ ಸುಡುಗಾಡು. ಪಗಡಿಯ ಮಾನಕ್ಕಾಗಿ ಲಂಡನ್ನಿನಲ್ಲಿ ಹೋರಾಡಿದವರು ಈ ಪಗಡಿಗಳ ಮಾನವನ್ನೂ ಕೇಳಬೇಕಲ್ಲವೆ? ನಮ್ಮ ಊರುಗಳ ಸುಡುಗಾಡಿನ ಲೆಕ್ಕ ನೋಡಿದರೆ ಈ ಪ್ರಶ್ನೆ ಕೇಳುವ ಮುಖ ನಮಗೂ ಅಷ್ಟಾಗಿ ಇಲ್ಲ, ಅದು ಬೇರೆ.

ಕೊನೆಗೆ ನಮ್ಮ ಬೆಂಗಳೂರಿನದು. ೨೦೨೨ರ ಫೆಬ್ರವರಿ ೧೦ರಂದು ನಮ್ಮ ಹೈಕೋರ್ಟು ಒಂದು ಮಧ್ಯಂತರ ಆಜ್ಞೆ ಕೊಟ್ಟಿತು. ಸಮವಸ್ತ್ರ ಗೊತ್ತುಮಾಡಿದ ಕಾಲೇಜುಗಳಲ್ಲಿ ತರಗತಿಯ ಒಳಗೆ ಕೇಸರಿ ಶಾಲು, ಹಿಜಾಬು ಮೊದಲಾದವು ಕೂಡದೆಂದು. ಪಗಡಿಯ ಹೆಸರು ಅದರಲ್ಲಿ ಇರಲಿಲ್ಲ. ಒಂದು ಕಾಲೇಜಿನಲ್ಲಿ ಅಮೃತ ಪಡೆದ ಸಿಖ್ ಹುಡುಗಿ, ಹದಿನೇಳು ವರ್ಷದವಳು, ಪಗಡಿ ಕಟ್ಟಿಕೊಂಡೇ ಓದುತ್ತಿದ್ದಳು. ಹೆಣ್ಣುಮಕ್ಕಳೂ ಪಗಡಿ ಕಟ್ಟುವುದುಂಟು. ಅವಳಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಹಿಜಾಬು ತೆಗೆಯಬೇಕಾಗಿ ಬಂದ ಹುಡುಗಿಯರು, ನಮಗೊಂದು ಅವಳಿಗೊಂದು ನಿಯಮವೆ ಎಂದು ಕೇಳಿದರು. ಆಗ ಕಾಲೇಜಿನವರು ಪಗಡಿಯನ್ನೂ ತೆಗೆಯುವಂತೆ ಕೇಳಿದರು. ಮಗಳು ತೆಗೆಯುವುದಿಲ್ಲವೆಂದು ಮನೆಯವರು ಉತ್ತರ ಕೊಟ್ಟರು.

ಆ ಹುಡುಗಿಯರ ಪ್ರಶ್ನೆ ತಪ್ಪೆಂದು ನಾನು ಹೇಳಲಾರೆ. ಆದರೆ ಅದಕ್ಕೆ ಸಿಕ್ಕ ಉತ್ತರ ಗಿರಣಿಯಲ್ಲಿ ನಾವು ಬಲ್ಲ ಉತ್ತರವೇ. ನೂಲುವ ಖಾತೆಯವರಿಗೆ ಹತ್ತು ನಿಮಿಷದ ಚಹಾ ವಿರಾಮ ಉಂಟು, ನಮಗೂ ಕೊಡಿ ಎಂದು ನೇಯುವ ಖಾತೆಯವರು ಕೇಳುತ್ತಾರೆ. ಮ್ಯಾನೇಜರು ಮರುದಿನ ನೂಲುವವರ ವಿರಾಮವನ್ನು ಕಿತ್ತುಕೊಂಡು, ನೋಡಿ, ಈಗ ಎಲ್ಲರೂ ಸಮಾನ ಎನ್ನುತ್ತಾನೆ. ಅಂದು ಸಂಜೆ ಗೇಟಿನ ಹತ್ತಿರ ಎರಡು ಖಾತೆಯವರು ಬೈದಾಡುವುದು ಮ್ಯಾನೇಜರನ್ನಲ್ಲ, ಒಬ್ಬರನ್ನೊಬ್ಬರು.

ನಮ್ಮ ಊರಿನ ಗೋದಾಮುಗಳಿಗೆ ಪಂಜಾಬಿನ ಲಾರಿಗಳು ಬರುತ್ತವೆ. ಅವುಗಳ ಡ್ರೈವರು, ಕ್ಲೀನರುಗಳಲ್ಲಿ ಮೀಸೆ ಮೂಡದ ಹುಡುಗರೂ ಇರುತ್ತಾರೆ, ಕೆಲವರು ಪಗಡಿಯವರು, ಕೆಲವರು ಬರಿದಲೆಯವರು. ಹಮಾಲರ ಸಂಘದ ಗೆಳೆಯರು ಅವರ ಜೊತೆ ಕುಳಿತು ಚಹಾ ಕುಡಿದು ಮಾತಾಡಿಸಲಿ, ನಾನು ಹೇಳಿದ್ದರಲ್ಲಿ ಹೆಚ್ಚುಕಡಿಮೆ ಇದ್ದರೆ ಅವರೇ ತಿದ್ದುತ್ತಾರೆ. ಈಗ ಪ್ರಶ್ನೆಗಳಿದ್ದರೆ ಕೇಳಬಹುದು. ರಾತ್ರಿ ಪಾಳಿಯವರು ಹೊರಡಬೇಕಾಗಿದೆ, ಅವರಿಗೆ ಮೊದಲು ಅವಕಾಶ ಕೊಡೋಣ.